ಹಾಡಜ್ಜ ಕೊಟ್ಟ ರಾಳ

ಹೋದ ಭಾನುವಾರ ನಮ್ಮ ಮನೆಯ ಹಾಟ್ ಪ್ರೆಸ್ಸಿನಿಂದ ಏನೋ ವಾಸನೆ ಬಂತು. ಹಾಟ್ ಪ್ರೆಸ್ ಅಂದರೆ ಬಿಸಿನೀರಿನ ಟ್ಯಾಂಕ್ ಇರುವ ಗೂಡಿನಂಥ ಕಪಾಟು. ಐರ್ಲೆಂಡಿನ ಮನೆಗಳಲ್ಲಿ ಬಟ್ಟೆ ಒಣಗುವುದು ಅದರೊಳಗೇ. ಬಿಸಿಲನ್ನು ನಂಬಿಕೊಂಡು ಕೂತರೆ ವರ್ಷವಿಡೀ ಒದ್ದೆ ಬಟ್ಟೆ ತೊಡಬೇಕಾಗುತ್ತದೆ. ಈ ಚಳಿಗಾಲದಲ್ಲಿ ಅದರ ಥರ್ಮೋಸ್ಟಾಟ್ ಕೆಟ್ಟು, ಗೂಡು ಕಾದ ಬಾಣಲೆಯ ಹಾಗೆ ಆಗಿತ್ತು. ಟವೆಲ್ ತೆಗೆಯೋಣವೆಂದು ಬಾಗಿಲು ತೆರೆದವಳು ಅಲ್ಲೇ ನಿಂತೆ. ಸಾಂಬ್ರಾಣಿಯೇ? ಅಲ್ಲ. ಸಾಂಬ್ರಾಣಿಗಿಂತ ಕಟುವಾದದ್ದು, ಸ್ವಲ್ಪ ಸಿಹಿ, ಸ್ವಲ್ಪ ಸುಟ್ಟ ಮರದ ಹಾಗೆ... ಎಲ್ಲೋ ಮೂಸಿದ ವಾಸನೆ. ಎಲ್ಲಿ ಎಂದು ಮಾತ್ರ ತಕ್ಷಣ ನೆನಪಾಗಲಿಲ್ಲ.

ಮೇಲಿನ ಹಲಗೆಯಲ್ಲಿ ಮಗಳ ಹಳೆಯ ಉಣ್ಣೆ ಕೋಟು ಇತ್ತು. ಅವಳಿಗೆ ಚಿಕ್ಕದಾಗಿದೆ, ಚಾರಿಟಿ ಅಂಗಡಿಗೆ ಕೊಟ್ಟರಾಯಿತು ಎಂದು ತುರುಕಿಟ್ಟು ಮರೆತಿದ್ದೆ. ಅದರ ಜೇಬಿಗೆ ಕೈ ಹಾಕಿದರೆ ಬೆರಳು ಅಂಟಿಕೊಂಡಿತು. ಜೇನಿನ ಬಣ್ಣದ ಒಂದು ಗಟ್ಟಿ, ಲಿಂಬೆಹಣ್ಣಿನಷ್ಟು ದೊಡ್ಡದು, ಅರ್ಧ ಕರಗಿ ಬಟ್ಟೆಗೆ ಹಿಡಿದಿತ್ತು. ರಾಳ. ತಂತಿವಾದ್ಯದ ಕಮಾನಿಗೆ ಉಜ್ಜುವ ರಾಳ. ಅದನ್ನು ಕೊಟ್ಟವರು, ಕೊಟ್ಟ ಜಾಗ, ಕೊಟ್ಟಾಗ ಅವರು ಹೇಳಿದ ಮಾತು, ಎಲ್ಲ ಒಟ್ಟಿಗೇ ಬಂದು ಎದುರಿಗೆ ನಿಂತವು.

ಅವರನ್ನು ನನ್ನ ಮಗಳು ಹಾಡಜ್ಜ ಎಂದು ಕರೆದಿದ್ದಳು. ಹಾಡುವ ಅಜ್ಜ ಎಂದು ಪೂರ್ತಿ ಹೇಳುವಷ್ಟು ಕನ್ನಡ ಅವಳ ಬಾಯಲ್ಲಿ ಹೊರಳುವುದಿಲ್ಲ, ಹುಟ್ಟಿ ಬೆಳೆದದ್ದೆಲ್ಲ ಐರ್ಲೆಂಡಿನ ಇದೇ ಅತ್ಲೋನ್ ಊರಿನಲ್ಲಿ. ಆಮೇಲೆ ನಾವೂ ಹಾಗೇ ಕರೆದೆವು.

ಮೂರು ವರ್ಷದ ಹಿಂದಿನ ಡಿಸೆಂಬರಿನಲ್ಲಿ ರಜೆಗೆ ಊರಿಗೆ ಹೋದಾಗ ಮರುಭೂಮಿ ನೋಡಬೇಕೆಂದು ಹಟ ಹಿಡಿದವಳು ನಾನೇ. ಮೈಸೂರಿನಲ್ಲಿ ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು, ಅಪ್ಪನ ಜೊತೆ ಹರಟಿ, ಅಲ್ಲಿಂದ ಜೈಸಲ್ಮೇರಿಗೆ ಹೋದೆವು. ಮರಳುದಿಣ್ಣೆಗಳ ನಡುವೆ ಡೇರೆಗಳ ಒಂದು ಕ್ಯಾಂಪು. ಸೂರ್ಯ ಮುಳುಗುತ್ತಿದ್ದಂತೆ ಕುಣಿತ ಶುರುವಾಯಿತು. ಕಪ್ಪು ಲಂಗದ ಹೆಣ್ಣುಮಕ್ಕಳು ಬುಗುರಿ ತಿರುಗಿದ ಹಾಗೆ ತಿರುಗಿದರು. ಒಬ್ಬಳು ತಲೆಯ ಮೇಲೆ ಏಳು ಮಡಕೆ ಇಟ್ಟುಕೊಂಡು ಗಾಜಿನ ಚೂರಿನ ಮೇಲೆ ನಡೆದಳು. ಇನ್ನೊಬ್ಬಳು ಹಿಂದಕ್ಕೆ ಬಾಗಿ ಬಾಗಿ, ನೆಲದ ಮೇಲಿಟ್ಟ ಉಂಗುರವನ್ನು ಕಣ್ಣರೆಪ್ಪೆಯಲ್ಲಿ ಎತ್ತಿದಳು. ನನ್ನ ಮಗಳು ಉಸಿರು ಬಿಡುವುದನ್ನೇ ಮರೆತಿದ್ದಳು. ಆದರೆ ಮೈಕು ಹಿಡಿದ ಒಬ್ಬ ಮಹಾಶಯ ಎರಡು ನಿಮಿಷಕ್ಕೊಮ್ಮೆ ‘ತಾಲಿಯಾಂ! ತಾಲಿಯಾಂ!’ ಎಂದು ಕಿರುಚುತ್ತಿದ್ದ. ಕುಣಿತಕ್ಕೊಂದು ಚಪ್ಪಾಳೆ, ಮಡಕೆಗೊಂದು ಚಪ್ಪಾಳೆ, ಪಕೋಡ ತಂದವನಿಗೂ ಚಪ್ಪಾಳೆ. ಅಂಗೈ ಕೆಂಪಾಗುವವರೆಗೆ ಹೊಡೆದೆವು. ಕೊನೆಗೆ ಸಿನಿಮಾ ಹಾಡು ಹಾಕಿದರು. ನಾನು ಸ್ವಲ್ಪ ಮುಂಗೋಪಿ. ಸಿಟ್ಟು ಬಂತು.

ನಮ್ಮ ಕಾರಿನ ಡ್ರೈವರ್ ನಲವತ್ತರ ಆಸುಪಾಸಿನ, ಕಡಿಮೆ ಮಾತಿನ ಮನುಷ್ಯ. ನನ್ನ ಹರಕುಮುರುಕು ಹಿಂದಿಯಲ್ಲೇ ಅವರನ್ನು ತರಾಟೆಗೆ ತೆಗೆದುಕೊಂಡೆ. ಇದನ್ನು ನೋಡೋಕೆ ಇಷ್ಟು ದೂರ ಬರಬೇಕಿತ್ತಾ, ನಿಮ್ಮೂರಿನಲ್ಲಿ ನಿಜವಾದ ಹಾಡು ಹಾಡುವವರು ಯಾರೂ ಉಳಿದಿಲ್ಲವಾ ಎಂದು. ಅವರು, “ನನ್ನ ಮಾವ ಇದ್ದಾರೆ ಮೇಡಮ್, ಹೆಂಡತಿಯ ತಂದೆ. ಆದರೆ ಅವರು ಕ್ಯಾಂಪಿನ ಹಾಗೆ ಅಲ್ಲ,” ಎಂದರು. ಆ ಮಾತಿನಲ್ಲಿ ಎಚ್ಚರಿಕೆ ಇತ್ತೆಂದು ಈಗ ಅನ್ನಿಸುತ್ತದೆ. ಅವತ್ತು ನನಗೆ ಅದು ಜಾಹೀರಾತಿನ ಹಾಗೆ ಕೇಳಿತ್ತು.

ಮರುದಿನ ಬೆಳಿಗ್ಗೆ ಹೋದೆವು. ಚಳಿ ಕೊರೆಯುತ್ತಿತ್ತು, ಮಗಳಿಗೆ ಈ ಕೋಟು ಹಾಕಿಸಿದ್ದೆ. ಊರೆಂದರೆ ಹಳದಿ ಕಲ್ಲಿನ ಒಂದು ಬೀದಿ. ಅರ್ಧಕ್ಕರ್ಧ ಬಾಗಿಲಿಗೆ ಬೀಗ, ಬೀಗದ ಮೇಲೆ ಮರಳು. ಬೀದಿಯ ಕೊನೆಯಲ್ಲಿ ಒಂದು ಮಣ್ಣಿನ ಮನೆ, ಅದರ ಮುಂದೆ ಒಂದು ಮರ. ಹತ್ತಿರ ಹೋಗಿ ನೋಡಿದರೆ ನಮ್ಮ ದಸರೆಯ ಬನ್ನಿಮರವೇ! ಪರ ಊರಿನಲ್ಲಿ ನೆಂಟರು ಸಿಕ್ಕಿದ ಹಾಗಾಯಿತು ನನಗೆ. ಅದರ ಬುಡದಲ್ಲಿ ಅವರು ಕೂತಿದ್ದರು. ಉದ್ದನೆಯ, ಒಣಗಿದ ದೇಹ. ಒಂದು ಕಣ್ಣಿಗೆ ಪೊರೆ. ಬೆರಳ ಸಂದಿಯಲ್ಲಿ ಬೀಡಿ. ತೊಡೆಯ ಮೇಲೆ ಕೆಂಪು ಗವಸಿನಲ್ಲಿ ಕಮಾಯಿಚಾ ಎಂಬ ವಾದ್ಯ. ಮಾವಿನ ಮರ ಕೊರೆದು ಮಾಡಿದ ದುಂಡು ಹೊಟ್ಟೆ, ಅದರ ಮೇಲೆ ಆಡಿನ ಚರ್ಮ, ಕರುಳಿನ ತಂತಿ. ಗವಸು ಬಿಚ್ಚಿ, ಕಮಾನಿಗೆ ರಾಳ ಉಜ್ಜಿದರು. ಆಗಲೇ ಆ ವಾಸನೆ ನನ್ನ ಮೂಗಿಗೆ ಮೊದಲ ಸಲ ಬಂದದ್ದು.

ಮೊದಲು ಮಳೆಯನ್ನು ಕರೆಯುವ ಒಂದು ಹಾಡು ಹಾಡಿದರು. ಏನು ಹೇಳಲಿ... ಹಿಂದಿನ ಸಂಜೆಯ ಗದ್ದಲವೆಲ್ಲ ಕಿವಿಯಿಂದ ತೊಳೆದು ಹೋಯಿತು. ಹಾಡು ಮುಗಿಸಿ ನನ್ನ ಕಡೆ ತಿರುಗಿ, ಯಾರ ಮಗಳು ಎಂದು ಕೇಳಿದರು. ಅಪ್ಪನ ಹೆಸರು ಹೇಳಿದೆ. ಅವರ ತಂದೆ? ತಾತನ ಹೆಸರು ಹೇಳಿದೆ. ಅವರ ತಂದೆ? ನಾನು ಬೆಬ್ಬೆಬ್ಬೆ ಎಂದೆ.

ಡ್ರೈವರ್ ಬಿಡಿಸಿ ಹೇಳಿದರು. ತಮ್ಮನ್ನು ಸಾಕುವ ಯಜಮಾನರ ಮನೆಗಳ ಏಳೇಳು ತಲೆಮಾರಿನ ಹೆಸರನ್ನು ನೆನಪಿಟ್ಟುಕೊಂಡು, ಮಗು ಹುಟ್ಟಿದಾಗ, ಮದುವೆಯಾದಾಗ ಆ ಹೆಸರುಗಳನ್ನೆಲ್ಲ ಕರೆದು ಹಾಡುವುದು ಇವರ ಮನೆತನದ ಕಸುಬಂತೆ. ಬೀದಿಯಲ್ಲಿ ನಾವು ನೋಡಿದ ಬೀಗಗಳೆಲ್ಲ ಆ ಯಜಮಾನರ ಮನೆಗಳದ್ದು. ಅವರು ಸೂರತ್ತಿಗೆ ಹೋದರು. ಅವರ ಮದುವೆಗಳಿಗೆ ಈಗ ಡಿಜೆ ಬರುತ್ತಾನೆ.

ಅಯ್ಯೋ ಪಾಪ ಅನ್ನಿಸಿತು. ಆ ಅಯ್ಯೋ ಪಾಪದ ಬೆನ್ನಿಗೇ ನನ್ನ ಬಾಯಿ ತಡೆಯಲಿಲ್ಲ. “ನಮ್ಮ ಮನೆಯದ್ದೂ ಹಾಡಲಿ,” ಎಂದುಬಿಟ್ಟೆ.

ಅವರು ಎರಡು ಸಲ ಬೇಡವೆಂದು ತಲೆಯಾಡಿಸಿದರು. ಹೆಸರುಗಳನ್ನು ಒಮ್ಮೆ ತೆರೆದರೆ ಮುಚ್ಚಲೇಬೇಕು, ಕೊನೆಯ ಮಗುವಿನ ಹೆಸರು ಕರೆದು ಹರಸುವವರೆಗೆ ಮನೆಯವರು ಏಳಬಾರದು, ಸದ್ದು ಮಾಡಬಾರದು ಎಂದು ಡ್ರೈವರ್ ಕೈಯಲ್ಲಿ ಹೇಳಿಸಿದರು. ಆಯ್ತು ಆಯ್ತು ಎಂದೆ. ಕಂಪ್ಯೂಟರಿನಲ್ಲಿ ಷರತ್ತು ಓದದೆ ಒಪ್ಪಿಗೆ ಒತ್ತುತ್ತೇವಲ್ಲ, ಹಾಗೆ. ನನ್ನ ಗಂಡ ಮಗಳನ್ನು ಕರೆದುಕೊಂಡು ಬೀದಿಯ ಆಚೆ ಒಂಟೆಯ ಫೋಟೋ ತೆಗೆಯುತ್ತಿದ್ದ. ಅವರಿಬ್ಬರಿಗೂ ಈ ಷರತ್ತು ಗೊತ್ತಿರಲಿಲ್ಲ.

ಹೆಸರುಗಳಿಗಾಗಿ ಅಪ್ಪನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಅಪ್ಪನಿಗೆ ಹಬ್ಬ! ತನ್ನಿಂದ ಹಿಂದಕ್ಕೆ ಐದು ತಲೆಮಾರು ಒಂದೊಂದಾಗಿ ಹೇಳಿದರು. ಹಾಡಜ್ಜ ಕಣ್ಣು ಮುಚ್ಚಿಕೊಂಡು ಪ್ರತಿ ಹೆಸರನ್ನೂ ಒಂದೇ ಸಲಕ್ಕೆ ಬಾಯಿಗೆ ಹಿಡಿದರು. ಕೊನೆಯವರ ಬಗ್ಗೆ ಅಪ್ಪ ನಗುತ್ತ, “ಅವರು ಹೊಲ ಮಾರ್ಕೊಂಡು ಓಡಿಹೋದೋರಮ್ಮ, ಅವರನ್ನೂ ಸೇರಿಸ್ತಾರಾ ಕೇಳು,” ಎಂದರು. ಕೇಳಿದೆ. ಓಡಿಹೋದವರನ್ನೇ ಮೊದಲು ಕರೆಯಬೇಕು ಎಂದರು ಹಾಡಜ್ಜ. ಅದಕ್ಕೂ ಹಿಂದಿನವರ ಹೆಸರು ಅಪ್ಪನಿಗೂ ಗೊತ್ತಿರಲಿಲ್ಲ. ಆ ಜಾಗಕ್ಕೆ ಬರೀ ಕಮಾನು ಎಳೆದರು, ಮಾತಿಲ್ಲದೆ.

ಆಮೇಲೆ ಹೆಸರುಗಳು ಬಂದವು. ನಾನು ಮುಖ ನೋಡದ ಗಂಡಸರು, ಯಾವುದೋ ತಿಥಿಯ ದಿನ ಪುರೋಹಿತರ ಬಾಯಲ್ಲಿ ಗೊಣಗಾಟವಾಗಿ ಕೇಳಿದ್ದವರು, ಆ ಮರಳಿನ ನಡುವೆ ಒಬ್ಬೊಬ್ಬರಾಗಿ ಎದ್ದು ಬಂದರು. ಒಂದು ಹೆಸರು, ಉದ್ದನೆಯ ಎಳೆತ, ಒಂದು ನಿಲುಗಡೆ. ಮತ್ತೊಂದು ಹೆಸರು. ಮೈ ಜುಮ್ಮೆಂದಿತು. ಹೆದರಿಕೆಯೂ ಆಯಿತು, ಯಾಕೆಂದು ಗೊತ್ತಾಗಲಿಲ್ಲ. ಗಂಡ, ಮಗಳು ಬಂದು ನನ್ನ ಪಕ್ಕದಲ್ಲಿ ಕೂತರು. ಗಂಡ ತನ್ನ ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ತೊಡೆಯ ಮೇಲಿಟ್ಟುಕೊಂಡ. ಅಪ್ಪನ ಹೆಸರನ್ನು ಹಾಡಜ್ಜ ಎಲ್ಲಕ್ಕಿಂತ ಉದ್ದ ಎಳೆದರು. ಬದುಕಿರುವವರ ಹೆಸರಲ್ಲವೇ. ಎಳೆದು, ನಿಲ್ಲಿಸಿ, ಉಸಿರು ತೆಗೆದುಕೊಂಡರು. ಮುಂದಿನದು ನನ್ನ ಹೆಸರು, ಆಮೇಲೆ ಮಗಳದು, ಆಮೇಲೆ ಹಾರೈಕೆ.

ಚಪ್ಪಾಳೆ ಹೊಡೆದೆವು.

ಮೊದಲು ಗಂಡ, ಅವನ ಹಿಂದೆ ಮಗಳು. ಅವರಿಗೇನೋ ಗೊತ್ತಿರಲಿಲ್ಲ. ಎಲ್ಲ ಗೊತ್ತಿದ್ದ ನಾನೂ ಹೊಡೆದೆ! ಕೈ ತಾನಾಗಿಯೇ ಎದ್ದಿತು, ನಾಲ್ಕೈದು ಸಲ ಬಡಿಯಿತು, ಆಮೇಲೆ ನನಗೆ ಬುದ್ಧಿ ಬಂತು. ಹಾಡಜ್ಜನ ಕಮಾನು ತಂತಿಯ ಮೇಲೆ ಹಾಗೇ ನಿಂತಿತ್ತು. ಕುದಿಯುವ ಹಾಲಿಗೆ ಕೈ ಚಾಚಿದ ಮಗುವನ್ನು ದೂರದಿಂದ ನೋಡುವವರ ಹಾಗೆ ನಮ್ಮನ್ನು ನೋಡಿದರು. ಬಾಗಿಲಲ್ಲಿ ನಿಂತಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆ ಸದ್ದಿಲ್ಲದ ಹೊತ್ತಿನಲ್ಲಿ ಫೋನಿನಿಂದ ಅಪ್ಪನ ದನಿ ಬಂತು: “ಮುಗೀತೇನಮ್ಮಾ?” ಅಷ್ಟೇ. ಲೈನು ಕಟ್ಟಾಯಿತು.

ಈಗಲೇ ಮತ್ತೆ ಹಾಡಲಿ ಎಂದು ಬೇಡಿಕೊಂಡೆ. ಕೇಳುವವರೇ ಮುರಿದ ಮೇಲೆ ಮೊದಲಿನಿಂದ ಹಾಡಬೇಕಂತೆ, ಒಂದೇ ಹಗಲಿನಲ್ಲಿ ಎರಡು ಸಲ ತೆರೆಯುವ ಹಾಗಿಲ್ಲವಂತೆ. ನಾಳೆ ಬೆಳಿಗ್ಗೆ ಬನ್ನಿ ಎಂದರು. ನಮ್ಮ ರೈಲು ಅವತ್ತು ಸಂಜೆ ಐದಕ್ಕೆ. “ಟ್ರೈನ್ ಮಿಸ್ಸಾದ್ರೆ ಫ್ಲೈಟೂ ಮಿಸ್ಸು ಕಣೇ. ಸುಮ್ನೆ ಏಳು,” ಎಂದ ನನ್ನ ಗಂಡ. ಎದ್ದೆವು. ಹಾಡಜ್ಜ ವಾದ್ಯಕ್ಕೆ ಗವಸು ಹಾಕಲಿಲ್ಲ. ಹಾಗೇ ಬರಿಮೈಯಲ್ಲಿ ಗೋಡೆಯ ಗೂಟಕ್ಕೆ ತೂಗುಹಾಕಿದರು. ರಾಳದ ಗಟ್ಟಿಯನ್ನು ತಂದು ಮಗಳ ಅಂಗೈಯಲ್ಲಿಟ್ಟು ಬೆರಳು ಮಡಚಿದರು. ಹಾಡು ಮುಗಿಯುವವರೆಗೆ ಇದು ನಿನ್ನ ಹತ್ತಿರ ಇರಲಿ ಎಂದರು. ಮಗಳು ಅದನ್ನು ಮೂಸಿ, ಚೆನ್ನಾಗಿದೆ ಎನ್ನುವ ಐರಿಶ್ ಧಾಟಿಯಲ್ಲಿ “ಗ್ರ್ಯಾಂಡ್,” ಎಂದು ಜೇಬಿಗೆ ಹಾಕಿಕೊಂಡಳು.

ಕಾರು ಹೊರಟಿತು. ತೆರೆದ ಹೆಸರು ಹಾಗೇ ಉಳಿದರೆ ಏನಾಗುತ್ತೆ ಎಂದು ಕೇಳಿದೆ.

“ಒಳ್ಳೇದಲ್ಲ ಮೇಡಮ್,” ಎಂದರು ಡ್ರೈವರ್.

“ಯಾರಿಗೆ?”

ಅವರು ಗೇರ್ ಬದಲಾಯಿಸಿದರು. ಹಾಡು ನಿಂತದ್ದು ಅಪ್ಪನ ಹೆಸರಿನ ಮೇಲೆ. ಯಾರಿಗೆ ಎಂದು ನನಗೆ ಬೇರೆ ಹೇಳಬೇಕಿರಲಿಲ್ಲ.

ಅತ್ಲೋನಿಗೆ ಬಂದ ಮೇಲೆ ಫೋನ್ ಬರತೊಡಗಿತು. ಅಲ್ಲಿ ಮಧ್ಯಾಹ್ನ ಹನ್ನೆರಡೂವರೆ, ನಮಗೆ ಬೆಳಗಿನ ಏಳರ ಹೊತ್ತು. ಚಳಿಗಾಲದಲ್ಲಿ ಆಗಿನ್ನೂ ಕತ್ತಲು. ನಾನು ಮಗಳ ಲಂಚ್ ಬಾಕ್ಸಿಗೆ ಚಪಾತಿ ಸುತ್ತುತ್ತಿರುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಫೋನು ಗುಂಯ್‌ಗುಟ್ಟುತ್ತ ತನಗೆ ತಾನೇ ಸರಿಯುತ್ತಿತ್ತು. ಎತ್ತುತ್ತಿರಲಿಲ್ಲ. ಆಮೇಲೆ ಡ್ರೈವರ್ ದನಿಯಲ್ಲಿ ಸಂದೇಶ: ಫೋನಿನಲ್ಲೇ ಆದರೂ ಪರವಾಗಿಲ್ಲ, ವಾದ್ಯವಿಲ್ಲದೆ ಬಾಯಲ್ಲೇ ಹಾಡ್ತೀನಿ ಅಂತಾರೆ ಮಾವ, ಹತ್ತು ನಿಮಿಷ ಕೂತು ಕೇಳಿಸಿಕೊಂಡರೆ ಸಾಕಂತೆ. ವಾರಕ್ಕೊಮ್ಮೆ ಅದೇ ಮಾತು. “ನಿನ್ನ ಹಾಡಿದ್ದೇ ಹಾಡೋ ಕಿಸಬಾಯಿ ದಾಸ ಮತ್ತೆ ಫೋನ್ ಮಾಡ್ದ ನೋಡು,” ಎಂದು ಗಂಡ ತಮಾಷೆ ಮಾಡುತ್ತಿದ್ದ. ದುಡ್ಡಿಗೆ ಗಾಳ ಹಾಕ್ತಿದಾರೆ, ಎಚ್ಚರ ಎನ್ನುತ್ತಿದ್ದ. ನಾನೂ ನಗುತ್ತಿದ್ದೆ. ಆ ನಗು ನೆನಪಾದರೆ ಈಗ ನಾಲಿಗೆ ಕಚ್ಚಿಕೊಳ್ಳುವಂತಾಗುತ್ತದೆ.

ಅಪ್ಪನಿಗೆ ಹೇಳಿದಾಗ ಬೈದರು. “ಹತ್ತು ನಿಮಿಷ ತಾನೇ? ಕೂತ್ಕೊಳೇ. ಹರಿಕಥೆಗೆ ಹೋದಾಗ ಮಂಗಳ ಹಾಡೋಕೆ ಮುಂಚೆ ಏಳಬಾರ್ದು ಅಂತ ಎಷ್ಟು ಸಲ ಹೇಳಿದೀನಿ ನಿಂಗೆ?” ಈ ವಾರ ಮಾಡ್ತೀನಪ್ಪ ಎಂದೆ. ನಿಜ ಹೇಳಬೇಕೆಂದರೆ, ನಂಬಿಕೆ ಇಲ್ಲದ್ದಕ್ಕೆ ಎತ್ತಲಿಲ್ಲ ಅನ್ನುವುದು ಸುಳ್ಳು. ಹೆದರಿಕೆಗೆ ಎತ್ತಲಿಲ್ಲ. ಮತ್ತೆ ಅಪ್ಪನ ಹೆಸರಿನವರೆಗೆ ಬಂದು, ಲೈನು ಕಟ್ಟಾದರೆ?

ಜುಲೈಯಲ್ಲಿ ಅಣ್ಣ ಫೋನ್ ಮಾಡಿದ. ಅಪ್ಪನಿಗೆ ಎದೆನೋವು, ಆಸ್ಪತ್ರೆಗೆ ಸೇರಿಸಿದ್ದೇವೆ, ನಾಳೆಯೇ ಬೈಪಾಸ್. ಮರುದಿನ ಬೆಳಿಗ್ಗೆ ಅಪ್ಪನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋದರೆಂದು ಅಣ್ಣನ ಸಂದೇಶ ಬಂತು. ಅದನ್ನು ಓದುತ್ತಿರುವಾಗಲೇ ಅದೇ ಫೋನು ಕೈಯಲ್ಲಿ ಗುಂಯ್‌ಗುಟ್ಟಿತು. ಮರುಭೂಮಿಯ ನಂಬರು. ಆ ಹೊತ್ತಿಗೇ, ಆ ನಿಮಿಷಕ್ಕೇ! ಹೆದರಿಹೋದೆ. ಆ ಹೆದರಿಕೆ ಕಣ್ಣೆದುರೇ ಸಿಟ್ಟಾಗಿ ತಿರುಗಿತು. ಈ ಮುದುಕ ನನ್ನ ಅಪ್ಪನನ್ನು ಕರೀತಿದಾನೆ, ಬಿಡ್ತಾ ಇಲ್ಲ ಎಂದು ಹುಚ್ಚಿಯ ಹಾಗೆ ಕೂಗಿದೆ. ನಂಬರನ್ನು ಬ್ಲಾಕ್ ಮಾಡಿದೆ.

ಅಪ್ಪ ಉಳಿದರು. ಎರಡು ವಾರಕ್ಕೆ ಮನೆಗೆ ಬಂದು, ಉಪ್ಪು ಕಡಿಮೆ ಎಂದು ಅತ್ತಿಗೆಯ ಸಾರಿಗೆ ಹೆಸರಿಟ್ಟರು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು, ಅಷ್ಟೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಹಾಡಜ್ಜನನ್ನು ಮರೆತೆ. ಬೇಕೆಂದೇ ಮರೆತೆ.

ಹೋದ ಭಾನುವಾರ ಆ ಅಂಟು ಅಂಟಾದ ಗಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ನಂಬರಿನ ಬ್ಲಾಕ್ ತೆಗೆದೆ. ಎರಡನೇ ರಿಂಗಿಗೆ ಡ್ರೈವರ್ ಎತ್ತಿದರು.

“ಐರ್ಲೆಂಡ್ ಮೇಡಮ್? ನಿಮ್ಮ ತಂದೆ ಹೇಗಿದ್ದಾರೆ?”

ಅವರು ಕೇಳಿದ ಮೊದಲ ಪ್ರಶ್ನೆ ಅದು. ಚೆನ್ನಾಗಿದ್ದಾರೆ ಎಂದೆ. “ದೇವರು ದೊಡ್ಡವನು. ಮಾವ ಕೊನೆವರೆಗೂ ಅದನ್ನೇ ಕೇಳ್ತಿದ್ರು,” ಎಂದರು. ಕೊನೆವರೆಗೂ... ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ.

ಹೋದ ಹೋಳಿ ಹಬ್ಬಕ್ಕೆ ಸ್ವಲ್ಪ ಮುಂಚೆ ತೀರಿಕೊಂಡರಂತೆ. ಗಂಟಲಲ್ಲಿ ಗಂಟು. ಜೋಧಪುರದ ಡಾಕ್ಟರು ಅದಕ್ಕೊಂದು ಹೆಸರು ಹೇಳಿದರಂತೆ, ಮನೆಯವರು ಮಾತ್ರ ಆ ಹೆಸರು ಹೇಳುವುದಿಲ್ಲವಂತೆ. ತೆರೆದು ಮುಚ್ಚದೆ ಬಿಟ್ಟ ಹೆಸರು, ಯಾರ ಹೆಸರೋ ಅವರನ್ನು ಮುಟ್ಟುವುದಿಲ್ಲ ಮೇಡಮ್, ತೆರೆದವನ ಗಂಟಲಲ್ಲೇ ಕೂರುತ್ತೆ ಅಂತ ನಮ್ಮಲ್ಲಿ ನಂಬಿಕೆ ಎಂದರು.

“ಇದನ್ನ ಆವತ್ತೇ ಯಾಕೆ ಹೇಳ್ಲಿಲ್ಲ ನೀವು?” ಎಂದು ಚೀರಿದೆ. ನನ್ನ ಮುಂಗೋಪಕ್ಕೆ ಆಗಲೂ ನಾಚಿಕೆ ಇಲ್ಲ.

“ಹೇಳ್ತೀನಿ ಅಂದೆ. ಮಾವ ಬಿಡಲಿಲ್ಲ. ಯಜಮಾನರ ಮನೆಯವರ ಹತ್ತಿರ ನನಗೋಸ್ಕರ ಮಾಡಿ ಅಂತ ಕೇಳಬಾರದು ಅಂದ್ರು.”

ರಾಳದ ವಿಷಯ ಕೇಳಿದೆ. ಅದು ಆಟಿಕೆಯಾಗಿರಲಿಲ್ಲ, ಒತ್ತೆಯಾಗಿತ್ತು. ರಾಳ ಉಜ್ಜದ ಕಮಾನು ತಂತಿಯ ಮೇಲೆ ಜಾರುತ್ತದೆ, ಸದ್ದು ಹುಟ್ಟುವುದಿಲ್ಲ. ಬಜಾರಿನಲ್ಲಿ ಬೇಕಾದಷ್ಟು ಸಿಗುತ್ತದೆ, ಅವರು ಕೊಳ್ಳಲಿಲ್ಲ. ಆ ಬೆಳಗಿನಿಂದ ಸಾಯುವವರೆಗೆ ಕಮಾಯಿಚಾ ಮುಟ್ಟಲಿಲ್ಲ. ಕರೆಬಂದ ಮದುವೆಗಳಿಗೆ ಹೋಗಲಿಲ್ಲ. ಸ್ವಂತ ಮೊಮ್ಮಗಳು ಹುಟ್ಟಿದಾಗಲೂ ಹಾಡಲಿಲ್ಲ. ಪ್ರತಿ ಬೆಳಿಗ್ಗೆ ಆ ಮರದ ಕೆಳಗೆ ಕೂತು, ಆ ತಣ್ಣನೆ ದೇಶದ ಮಗಳು ಫೋನ್ ಎತ್ತಿದಳಾ ಎಂದು ಅಳಿಯನನ್ನು ಕೇಳುತ್ತಿದ್ದರಂತೆ. ಬೀಡಿ ಸೇದುತ್ತಿದ್ದರಲ್ಲ, ಅದೇ ಕಾರಣ ಎಂದು ನನ್ನ ತಲೆ ಹೇಳುತ್ತದೆ. ಹೇಳುತ್ತಲೇ ಇದೆ. ನಾನು ಕೊಡದ ಹತ್ತು ನಿಮಿಷಕ್ಕೆ ಅದು ಉತ್ತರವಲ್ಲ.

ಗಂಡನ ಫೋನಿನಲ್ಲಿ ಅವತ್ತಿನ ರೆಕಾರ್ಡಿಂಗ್ ಇನ್ನೂ ಇತ್ತು. ಹಾಕಿದೆ. ಮಗಳು ಬಂದು ಪಕ್ಕ ಕೂತಳು, ಈಗ ಅವಳಿಗೆ ಹತ್ತು ವರ್ಷ. ಹೆಸರುಗಳು ಬಂದವು, ಅಪ್ಪನ ಹೆಸರು ಬಂತು, ನಮ್ಮ ಚಪ್ಪಾಳೆ ಬಂತು. ಅದೆಷ್ಟು ಖುಷಿಯಾಗಿ ಹೊಡೆದಿದ್ದೇವೆ! ಅದರ ಮೇಲೆ, “ಮುಗೀತೇನಮ್ಮಾ?” ಅಲ್ಲಿಗೆ ನಿಂತಿತು. ಮಗಳು ತನ್ನ ಐರಿಶ್ ರಾಗದ ಇಂಗ್ಲಿಷಿನಲ್ಲಿ, ಅವರು ನನ್ನವರೆಗೆ ಬರಲೇ ಇಲ್ಲ ಅಲ್ವಾ ಎಂದು ಕೇಳಿದಳು. ಇಲ್ಲ ಪುಟ್ಟ, ನಾವು ಬಿಡಲಿಲ್ಲ ಎಂದೆ.

ಆಮೇಲೆ ಅಪ್ಪನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ.

“ನಾಳೆ ದೇವರ ಮುಂದೆ ಅವರ ಹೆಸರಲ್ಲಿ ಒಂದು ದೀಪ ಹಚ್ತೀನಿ. ಹೆಸರೇನಮ್ಮ ಅವರದ್ದು?”

ನಮ್ಮ ಮನೆಯ ಓಡಿಹೋದವರ ಹೆಸರನ್ನೂ ಬಾಯಲ್ಲಿಟ್ಟುಕೊಂಡು ಸತ್ತ ಆ ಮನುಷ್ಯನ ಹೆಸರನ್ನು ನಾನು ಕೇಳಿರಲೇ ಇಲ್ಲ. ಡ್ರೈವರಿಗೆ ಅವರು ಮಾವ, ನಮಗೆ ಹಾಡಜ್ಜ, ನನ್ನ ಗಂಡನಿಗೆ ಕಿಸಬಾಯಿ ದಾಸ.

ಡ್ರೈವರಿಗೆ ಫೋನ್ ಮಾಡಿ ಕೇಳಬಹುದು. ಒಂದು ನಿಮಿಷದ ಕೆಲಸ. ವಾರವಾಯಿತು, ಇನ್ನೂ ಕೇಳಿಲ್ಲ. ಕೇಳಿದರೆ ಅದೂ ಒಂದು ಹೆಸರು ತೆರೆದಂತೆ. ಮುಚ್ಚಿ ಹರಸುವವರು ಈಗ ಯಾರಿದ್ದಾರೆ? ಗವಸು ಹಾಕದ ಆ ಕಮಾಯಿಚಾ ಇನ್ನೂ ಅದೇ ಗೂಟದಲ್ಲಿ ತೂಗುತ್ತಿದೆಯಂತೆ. ಮನೆಯವರು ಯಾರೂ ಅದನ್ನು ಮುಟ್ಟುವುದಿಲ್ಲವಂತೆ.

ಹಾಟ್ ಪ್ರೆಸ್ಸಿನ ಥರ್ಮೋಸ್ಟಾಟನ್ನು ಗುರುವಾರ ರಿಪೇರಿ ಮಾಡಿಸಿದೆವು. ಗೂಡು ತಣ್ಣಗಾಗಿದೆ. ವಾಸನೆ ಹೋಗಿಲ್ಲ. ಟವೆಲ್ಲಿನಲ್ಲಿ, ಹೊದಿಕೆಯಲ್ಲಿ, ಮಗಳ ಸ್ಕೂಲ್ ಯೂನಿಫಾರ್ಮಿನಲ್ಲಿ ಕೂತುಬಿಟ್ಟಿದೆ. ಬೆಳಿಗ್ಗೆ ಏಳಕ್ಕೆ ಚಪಾತಿ ಸುತ್ತುವಾಗ ಅದು ಮೂಗಿಗೆ ಬರುತ್ತದೆ, ನಾನು ಕಟ್ಟೆಯ ಮೇಲಿನ ಫೋನನ್ನು ನೋಡುತ್ತೇನೆ. ಈಗ ಅದು ಗುಂಯ್‌ಗುಟ್ಟುವುದಿಲ್ಲ.